ಗಾಯಗಳು: ಇಲ್ಲ

ವಿದ್ಯಾನಗರದಲ್ಲಿ ಸರಕಾರಿ ಆಫೀಸುಗಳ ಸಿವಿಲ್ ಸ್ಟೇಷನ್ನಿನ ಎದುರಿಗಿರುವ ಕಂಪ್ಯೂಟರ್ ಅಂಗಡಿಯಲ್ಲಿ ಸರದಿ ಕಾಯುತ್ತ ಕೂತಿದ್ದ ಕೂಸಪ್ಪನಿಗೆ ಎಡತೊಡೆಯೊಳಗಿನ ಲೋಹದ ಚೂರು ಇವತ್ತು ನೂಲಿನಷ್ಟು ಆಚೆ ಸರಿದಿದೆ ಅನ್ನಿಸಿತು. ಅದು ಸರಿಯುವುದಿಲ್ಲ ಎಂದು ಡಾಕ್ಟರು ಹೇಳಿಯಾಗಿದೆ, ಎಕ್ಸ್‌ರೇಯಲ್ಲಿ ತೋರಿಸಿಯೂ ಆಗಿದೆ. ಆದರೆ ಮೂವತ್ತೇಳು ವರ್ಷ ಒಟ್ಟಿಗೆ ಬದುಕಿದವರಿಗೆ ಒಬ್ಬರ ಗುಣ ಇನ್ನೊಬ್ಬರಿಗೆ ಗೊತ್ತಿರುವುದಿಲ್ಲವೇ? ಮಳೆ ಬರುವ ಮುಂಚೆ ಅದಕ್ಕೆ ಎಚ್ಚರವಾಗುತ್ತದೆ, ಬಸ್ಸಿನ ಮೆಟ್ಟಿಲಲ್ಲಿ ಸಿಟ್ಟು ಬರುತ್ತದೆ, ಮಧ್ಯಾಹ್ನ ಉಂಡ ಮೇಲೆ ಅವನಿಗಿಂತ ಮುಂಚೆ ನಿದ್ದೆ ಹತ್ತುತ್ತದೆ. ಕಳೆದ ವರ್ಷ ಎಕ್ಸ್‌ರೇಯ ಬೆಳಕಿನಲ್ಲಿ ಅದನ್ನು ಮೊದಲ ಸಲ ಕಣ್ಣಾರೆ ಕಂಡಾಗ ಅವನಿಗೆ ಒಂದು ಥರ ನಾಚಿಕೆಯೇ ಆಗಿತ್ತು. ಹಲಸಿನ ಬೇಳೆಯ ಅರ್ಧದಷ್ಟು, ಬೆಳ್ಳಗೆ, ತನಗೇನೂ ಗೊತ್ತಿಲ್ಲವೆಂಬ ಹಾಗೆ ಮಲಗಿತ್ತು. "ಇದೆಂತ ಮಾಮ, ನೀವು ಯಾವುದಾದರೂ ಫ್ಯಾಕ್ಟರಿಯಲ್ಲಿ ಕೆಲಸಕ್ಕೆ ಇದ್ದಿರಾ?" ಎಂದು ಆ ಡಾಕ್ಟರು ಹುಡುಗಿ ಕೇಳಿದಳು. ಅವನು ಎದೆ ಸೆಟೆಸಿ, ಚೀಲದಿಂದ ತನ್ನ ಮಿಲಿಟರಿ ಬಿಡುಗಡೆ ಪುಸ್ತಕ ತೆಗೆದು ಮೇಜಿನ ಮೇಲಿಟ್ಟ. ಆಕೆ ಪುಟ ತಿರುಗಿಸಿದಳು. ಒಂದು ಪುಟದಲ್ಲಿ ನಿಂತಳು. ಅವನ ಮುಖ ನೋಡಿ ಮತ್ತೆ ಪುಟ ನೋಡಿದಳು. "ಇಲ್ಲಿ ಗಾಯಗಳು ಇಲ್ಲ ಅಂತ ಉಂಟಲ್ಲ" ಎಂದಳು. ಅವಳಲ್ಲಿ ಕೊಂಕಿರಲಿಲ್ಲ, ಪಾಪ. ಇದ್ದಿದ್ದರೆ ಸಿಟ್ಟು ಮಾಡಬಹುದಿತ್ತು. ಅವನು ಪುಸ್ತಕ ವಾಪಸು ಚೀಲಕ್ಕೆ ಹಾಕಿಕೊಂಡು, ಇನ್ನೊಬ್ಬರ ವಸ್ತು ತೆಗೆದು ಸಿಕ್ಕಿಬಿದ್ದವನ ಹಾಗೆ ಹೊರಗೆ ಬಂದಿದ್ದ.

ಆ ದಿನದಿಂದ ಆ ಸಾಲು ಅವನನ್ನು ಬಿಡಲಿಲ್ಲ. ಗಾಯಗಳು: ಇಲ್ಲ. ಅದರ ಕೆಳಗೆ ಪದಕಗಳ ಸಾಲು; ಅಲ್ಲಿ ಮೂರು ಹೆಸರು ಉಂಟು, ಯುದ್ಧದಲ್ಲಿ ಗಾಯವಾದವರಿಗೆ ಕೊಡುವ ಪದಕವಿಲ್ಲ. ಗಾಯವೇ ಇಲ್ಲದ ಮೇಲೆ ಪದಕ ಎಲ್ಲಿಂದ ಬರಬೇಕು? ಹೆಂಡತಿ ಪ್ರೇಮಾವತಿಯ ಹತ್ತಿರ ಅವನು, "ನನಗೆ ಪದಕ ಗಿದಕ ಎಂತದೂ ಬೇಡ, ಆ 'ಇಲ್ಲ' ಅನ್ನುವುದನ್ನೊಂದು ತೆಗೆದರೆ ಸಾಕು" ಎಂದಿದ್ದ. ಶುದ್ಧ ಸುಳ್ಳು. ಪದಕವೇ ಬೇಕಿತ್ತು. ತನ್ನೂರು ಬೋವಿಕಾನದ ವಾಚನಾಲಯದಲ್ಲಿ ಗಣರಾಜ್ಯದ ದಿನ ಮಾಜಿ ಸೈನಿಕರೆಲ್ಲ ಕೋಟಿನ ಮೇಲೆ ತಮ್ಮ ತಮ್ಮ ಪದಕ ಸಿಕ್ಕಿಸಿಕೊಂಡು ಪ್ಲಾಸ್ಟಿಕ್ ಕುರ್ಚಿಗಳಲ್ಲಿ ಕೂರುವಾಗ, ತನ್ನ ಎದೆಯ ಮೇಲೆ ಅದು ಯಾವ ಜಾಗದಲ್ಲಿ ಇರಬೇಕೆಂಬುದು ಅವನಿಗೆ ಬೆರಳಿನ ಅಳತೆಯಲ್ಲಿ ಗೊತ್ತಿತ್ತು. ಸ್ನಾನ ಮಾಡುವಾಗ ಆ ಜಾಗಕ್ಕೆ ಕೈ ತಾನಾಗಿ ಹೋಗುತ್ತಿತ್ತು. ಅರವತ್ತಾದ ಗಂಡಸಿಗೆ ಇಂಥ ಆಸೆ ಎಷ್ಟು ಚಂದ ಎಂದು ತನ್ನನ್ನೇ ತಾನು ಬೈದುಕೊಂಡರೂ ಕೈ ಹೋಗುವುದು ನಿಲ್ಲಲಿಲ್ಲ.

ಅಂಗಡಿಯ ನಮಿತಾ ಅರ್ಜಿ ಬರೆಯುವುದರಲ್ಲಿ ಎತ್ತಿದ ಕೈ. ಮಲಯಾಳ, ಕನ್ನಡ, ಇಂಗ್ಲಿಷು ಮೂರರಲ್ಲೂ ಟೈಪು ಮಾಡುತ್ತಾಳೆ. ಬೋವಿಕಾನದಲ್ಲಿ ಯಾರ ರೇಷನ್ ಕಾರ್ಡು ಕೆಟ್ಟರೂ, "ನಮಿತಾನ ಹತ್ತಿರ ಹೋಗಿ" ಎನ್ನುತ್ತಾರೆ. ಅವಳು ಅವನ ಪುಸ್ತಕ ನೋಡುತ್ತಲೇ ಕೇಳಿದಳು.

"ಗಾಯ ಆದದ್ದು ಯಾವಾಗ ಮಾಮ?"

"ಎಂಬತ್ತೆಂಟರಲ್ಲಿ. ಶ್ರೀಲಂಕೆಯಲ್ಲಿ."

"ಮತ್ತೆ ಪುಸ್ತಕದಲ್ಲಿ ಯಾಕೆ ಬರಲಿಲ್ಲ?"

ಕೂಸಪ್ಪ ಮನೆಯಿಂದ ಹೊರಡುವಾಗ ಈ ಪ್ರಶ್ನೆಗೆ ಉತ್ತರವನ್ನು ಸರಿಯಾಗಿ ಜೋಡಿಸಿಕೊಂಡೇ ಬಂದಿದ್ದ. "ನಾನೇ ಬೇಡ ಹೇಳಿದ್ದು" ಎಂದ. ನಮಿತಾಳ ಬೆರಳು ಅಲ್ಲೇ ನಿಂತವು. "ಬೇಡ ಹೇಳಿದ್ದಾ? ಅದನ್ನು ಬರೆಯಲಿಕ್ಕೆ ಆಗ್ಲಿಕ್ಕಿಲ್ಲ ಮಾಮ. ನೀವೇ ಬೇಡ ಹೇಳಿದ ಮೇಲೆ ಈಗ ಯಾಕೆ ಕೇಳ್ತೀರಿ ಅಂತ ಮೊದಲ ದಿನವೇ ವಾಪಸು ಕಳಿಸ್ತಾರೆ. ಆಗ ಈ ಲೆಕ್ಕ ಎಲ್ಲ ಬರೀತಿದ್ದದ್ದು ಯಾರು?" ಕ್ಲರ್ಕು, ಎಂದ ಕೂಸಪ್ಪ. ಬದುಕಿದ್ದಾರಾ, ಎಂದಳು. ಇದ್ದಾರೆ, ಸೀತಾಂಗೋಳಿಯಲ್ಲಿ ಮನೆ, ಕೇಶವಪ್ರಸಾದ ಭಟ್ಟರು ಅಂತ, ಎಂದ. ಆ ಹೆಸರನ್ನು ಬಾಯಿ ಬಿಟ್ಟು ಹೇಳಿದ ಕೂಡಲೇ ಏನೋ ಕೈಜಾರಿದ ಹಾಗಾಯಿತು, ಆದರೆ ಅವಳು ಆಗಲೇ ಟೈಪು ಮಾಡುತ್ತಿದ್ದಳು. "ಆಯಿತಲ್ಲ ಮತ್ತೆ! ಕ್ಲರ್ಕಿನ ಕೈತಪ್ಪಿನಿಂದ ಬಿಟ್ಟುಹೋಗಿದೆ ಅಂತ ಹಾಕುವ. ರೇಷನ್ ಕಾರ್ಡಿಗೂ ಇದೇ ವಾಕ್ಯ, ಜನನ ಸರ್ಟಿಫಿಕೇಟಿಗೂ ಇದೇ ವಾಕ್ಯ. ಇಷ್ಟು ವರ್ಷದಲ್ಲಿ ಒಂದೂ ವಾಪಸು ಬರ್ಲಿಲ್ಲ. ಅವರದ್ದೇ ಒಂದು ಹೇಳಿಕೆ ಬೇರೆ ಹಾಳೆಯಲ್ಲಿ ಮಾಡಿ ಕೊಡ್ತೇನೆ, ಒಂದು ಸಹಿ ಹಾಕಿಸಿ ತನ್ನಿ. ಅದು ಸಿಕ್ಕಿದರೆ ನಿಮ್ಮ ಪದಕ ಬಂದ ಹಾಗೆ." ಪ್ರಿಂಟರು ಎರಡು ಹಾಳೆಗಳನ್ನು ಬೆಚ್ಚಗೆ ಹೊರಗೆ ತಳ್ಳಿತು. ಮೊದಲನೆಯದು ಕೂಸಪ್ಪನ ಅರ್ಜಿ. ಅವನು ಅಲ್ಲೇ ಸಹಿ ಮಾಡಿದ. ಎರಡನೆಯದರಲ್ಲಿ, ಕೇಶವಪ್ರಸಾದನೆಂಬ ನಾನು ಆ ದಿನ ಗಾಯಾಳುಗಳ ಪಟ್ಟಿಯನ್ನು ತಯಾರಿಸುವಾಗ ನನ್ನ ಅಜಾಗರೂಕತೆಯಿಂದ ಇವರ ಹೆಸರನ್ನು ಬಿಟ್ಟಿದ್ದೇನೆ, ಎಂದು ಇಂಗ್ಲಿಷಿನಲ್ಲಿತ್ತು. ಕೆಳಗೆ ಸಹಿಯ ಜಾಗ ಖಾಲಿ.

ಆ ಹಾಳೆ ಚೀಲದಲ್ಲಿ ಕೂತ ಮೇಲೆ ಚೀಲಕ್ಕೇ ತೂಕ ಬಂದಿತ್ತು. ಸೀತಾಂಗೋಳಿಗೆ ಹೋಗುವ ಮಧೂರು ದಾರಿಯ ಬಸ್ಸಿನಲ್ಲಿ ಕಿಟಕಿಯ ಬದಿಯ ಸೀಟು ಸಿಕ್ಕಿತು. ಮಾರ್ಚಿನ ಬಿಸಿಲು ಮುರಕಲ್ಲಿನ ಕಟ್ಟೆಗಳ ಮೇಲೆ ಹೊಯ್ದುಕೊಂಡು ಇಡೀ ಊರೇ ಕೆಂಪು ನೀರಿನ ತಳದಲ್ಲಿ ಇದ್ದ ಹಾಗೆ ಕಾಣಿಸುತ್ತಿತ್ತು. ಶ್ರೀಲಂಕೆಯ ಮಣ್ಣೂ ಕೆಂಪೇ ಇತ್ತು. ತಾಳೆಗರಿಯ ಬೇಲಿಗಳು, ಬೇಲಿಯಾಚೆ ಒಂದು ಬಾವಿ, ಬಾವಿಯಿಂದ ನೀರು ಸೇದುತ್ತಿದ್ದ ಹೆಂಗಸು ಬಂದೂಕು ಹಿಡಿದ ಇವರನ್ನು ನೋಡಿ ಹಗ್ಗವನ್ನು ಬಿಟ್ಟುಬಿಟ್ಟಿದ್ದಳು. ಕೊಡಪಾನ ಒಳಗೆ ಬಿದ್ದ ಸದ್ದು ಕೇಳಿತು, ಆಮೇಲೆ ಸಿಡಿದದ್ದರ ಸದ್ದು ಕೇಳಲೇ ಇಲ್ಲ. ಕಣ್ಣು ಬಿಟ್ಟಾಗ ಅವನನ್ನು ಒಂದು ಶಾಲೆಯ ಕೋಣೆಯಲ್ಲಿ ಮಲಗಿಸಿದ್ದರು. ತಲೆಯ ಮೇಲೆ ಕರಿಹಲಗೆ, ಅದರಲ್ಲಿ ತಮಿಳಿನಲ್ಲಿ ಬರೆದ ಗುಣಾಕಾರದ ಲೆಕ್ಕ, ಉತ್ತರದ ಜಾಗ ಖಾಲಿ. ಗಾಯಕ್ಕೆ ಪಟ್ಟಿ ಕಟ್ಟುತ್ತಿದ್ದ ಹುಡುಗ, "ಎಲುಬಿಗೆ ತಾಗಲಿಲ್ಲ, ನಿನ್ನ ಪುಣ್ಯ" ಎನ್ನುತ್ತಿದ್ದ. ಆಚೆ ಬೆಂಚಿನ ಮೇಲೆ ಟೈಪ್‌ರೈಟರ್ ಇಟ್ಟುಕೊಂಡು ಭಟ್ಟರು ಪಟ್ಟಿ ಹೊಡೆಯುತ್ತಿದ್ದರು. ಸತ್ತವರದ್ದು ಒಂದು, ಗಾಯಾಳುಗಳದ್ದು ಒಂದು. ಸಂಜೆಗೆ ಅದು ಮೇಲಿನ ಆಫೀಸಿಗೆ ಹೋಗಬೇಕು, ಹೋದ ಕೂಡಲೇ ಅವರವರ ಮನೆಗೆ ತಂತಿ ಹೊರಡುತ್ತದೆ. ಬಸ್ಸು ಒಂದು ತಿರುವಿನಲ್ಲಿ ವಾಲಿದಾಗ ಪಕ್ಕದಲ್ಲಿ ಕೂತಿದ್ದ ಹೆಂಗಸಿನ ಮಲ್ಲಿಗೆಯ ವಾಸನೆ ಬಂತು, ಆ ಶಾಲೆಯ ಕೋಣೆಯಲ್ಲೂ ಮಲ್ಲಿಗೆಯ ವಾಸನೆ ಇತ್ತೆಂದು ಅವನು ನಂಬಿಬಿಟ್ಟ.

ತಂತಿ ಎಂದರೆ ಎಂತದೆಂದು ಆ ಪಲ್ಟನಿನಲ್ಲಿ ಅವನೊಬ್ಬನಿಗೇ ಗೊತ್ತಿತ್ತು. ಅವನ ಅಣ್ಣ ಬೊಂಬಾಯಿಯ ಹೋಟೆಲಿನಲ್ಲಿದ್ದವನು ಜ್ವರ ಬಂದು ತೀರಿಕೊಂಡಾಗ ಮನೆಗೆ ಬಂದದ್ದು ಒಂದು ತಂತಿ. ಓದಲಿಕ್ಕೆ ಬರುವವರು ಮನೆಯಲ್ಲಿ ಯಾರೂ ಇರಲಿಲ್ಲ, ಆದರೂ ಅಮ್ಮ ಆ ಕಾಗದವನ್ನು ಕೈಯಲ್ಲಿ ಹಿಡಿದ ಕೂಡಲೇ ಅಂಗಳದಲ್ಲಿ ಕುಸಿದಳು, ಮೂರು ತಿಂಗಳು ಮಾತಾಡಲಿಲ್ಲ. ಆಮೇಲೆ ಅಂಚೆಯವನು ಎಂಥ ಸಣ್ಣ ಕಾಗದ ತಂದರೂ ಬೇಲಿಯ ತಡಮೆಯಾಚೆ ನಿಂತೇ, "ಬರೀ ಕಾಗದ ಅಮ್ಮಾ, ಬರೀ ಕಾಗದ" ಎಂದು ಕೂಗಿ, ಅಮ್ಮ ಬಾಗಿಲಿನ ಚೌಕಟ್ಟು ಹಿಡಿದದ್ದು ನೋಡಿಕೊಂಡು ಒಳಗೆ ಬರುತ್ತಿದ್ದ. ಗಾಯ ಎಂದು ತಂತಿಯಲ್ಲಿ ಇದ್ದರೂ ಅದನ್ನು ಯಾರಿಂದಲಾದರೂ ಓದಿಸುವಷ್ಟು ಹೊತ್ತು ಅವಳು ಬದುಕಬೇಕಲ್ಲ. ಕೂಸಪ್ಪ ನೆಲದ ಮೇಲೆ ತೆವಳಿಕೊಂಡು ಹೋಗಿ ಭಟ್ಟರ ಕಾಲು ಹಿಡಿದಿದ್ದ. ಕನ್ನಡದಲ್ಲಿ ಹೇಳಿದ, ತುಳುವಿನಲ್ಲಿ ಹೇಳಿದ, ಬಾಯಿಗೆ ಬಂದ ಹಾಗೆ ಹೇಳಿದ. "ಭಟ್ರೇ, ತಂತಿ ಹೋಗ್ಬಾರ್ದು. ಜಾರಿ ಬಿದ್ದೆ ಅಂತ ಬರೀರಿ, ಎಂತದಾದರೂ ಬರೀರಿ." ಭಟ್ಟರು ಕಾಲು ಬಿಡಿಸಿಕೊಳ್ಳಲಿಲ್ಲ. ಟೈಪು ಮಾಡಿದ ಹಾಳೆಯನ್ನು ಯಂತ್ರದಿಂದ ಎಳೆದು ತೆಗೆದು, ನಾಲ್ಕಾಗಿ ಮಡಚಿ ಜೇಬಿಗೆ ಹಾಕಿಕೊಂಡು, ಹೊಸ ಹಾಳೆ ಏರಿಸಿದರು. ಏಳು ಹೆಸರಿದ್ದದ್ದು ಆರಾಯಿತು. ಏಳನೆಯವನು ಕಲ್ಲಿನ ಮೇಲೆ ಜಾರಿ ಬಿದ್ದು ಕಾಲಿಗೆ ತರಚುಗಾಯ ಮಾಡಿಕೊಂಡವನಾದ.

ಅದು ಎಂಥ ಕೆಲಸ ಎಂದು ಆಗ ಇಪ್ಪತ್ತಮೂರು ವರ್ಷದ ಕೂಸಪ್ಪನಿಗೆ ಹೊಳೆದಿರಲಿಲ್ಲ. ಹೊಳೆದದ್ದು ಆಮೇಲೆ, ಭಟ್ಟರು ಒಂದು ಪೂರ್ಣವಿರಾಮ ಆಚೀಚೆಯಾದರೂ ಇಡೀ ಹಾಳೆಯನ್ನು ಮತ್ತೊಮ್ಮೆ ಹೊಡೆಯುವುದನ್ನು ವರ್ಷಾನುಗಟ್ಟಲೆ ನೋಡಿದ ಮೇಲೆ. ಅಮ್ಮ ಹೋಗಿ ಹನ್ನೊಂದು ವರ್ಷವಾಯಿತು. ರಜೆಯಲ್ಲಿ ಬಂದ ಮಗನ ತಲೆ, ಹೆಗಲು, ಬೆನ್ನು ಎಲ್ಲವನ್ನೂ ಸವರಿ ನೋಡಿ, ಕುಂಟುವುದು ಫುಟ್ಬಾಲಿನಿಂದ ಎಂದದ್ದನ್ನು ನಂಬಿ, ಎಂಬತ್ತು ದಾಟಿ ಬದುಕಿ, ನಿದ್ದೆಯಲ್ಲೇ ಹೋದಳು. ಅವಳು ಇರುವವರೆಗೆ ಪದಕದ ನೆನಪೇ ಬರಲಿಲ್ಲವಲ್ಲ ನನಗೆ, ಎಂದು ಅವನು ಬಸ್ಸಿನ ಕಿಟಕಿಗೆ ಹೇಳಿದ. ಭಟ್ಟರಿಗೆ ಎಲ್ಲ ಬಿಡಿಸಿ ಹೇಳಬೇಕು. ಈ ವಾಕ್ಯ ಬರೀ ಆಫೀಸಿಗೆ, ಎಲ್ಲರೂ ಹಾಕುವಂಥದ್ದು, ಇದಕ್ಕೆ ಅರ್ಥವಿಲ್ಲ, ಎನ್ನಬೇಕು. ಅವರು ಬೇಡವೆಂದರೆ ಅಲ್ಲೇ ಹರಿದು ಹಾಕಬೇಕು. ಹಾಗೆ ನಿಶ್ಚಯಿಸಿದ ಮೇಲೆ ಮನಸ್ಸು ಹಗುರಾಗಿ ಅರೆನಿದ್ದೆ ಬಂತು. ಸೀತಾಂಗೋಳಿಯಲ್ಲಿ ಕಂಡಕ್ಟರು ತಟ್ಟಿ ಎಬ್ಬಿಸಬೇಕಾಯಿತು.

ಭಟ್ಟರದ್ದು ಪೇಟೆಯಿಂದ ಸ್ವಲ್ಪ ಒಳಗೆ, ಸಿಮೆಂಟು ಇಟ್ಟಿಗೆ ಮಾಡುವ ಒಂದು ಶೆಡ್ಡಿನ ಹಿಂದೆ ತಾರಸಿ ಮನೆ. ಶೆಡ್ಡಿನ ಯಂತ್ರ ದಿನವಿಡೀ ಗುಂಯ್‌ಗುಡುತ್ತದೆ, ಅದು ನಿಂತಾಗ ಮಾತ್ರ ಮನೆಯವರು ತಲೆ ಎತ್ತಿ ನೋಡುತ್ತಾರೆ. ಅರವತ್ತೆಂಟರ ಭಟ್ಟರು ಜಗಲಿಯ ಚಿಟ್ಟೆಯ ಮೇಲೆ ಕೂತು ದೇವಸ್ಥಾನದ ಆಮಂತ್ರಣ ಪತ್ರಿಕೆಯ ಕರಡಿಗೆ ಕೆಂಪು ಶಾಯಿಯಲ್ಲಿ ಗೆರೆ ಎಳೆಯುತ್ತಿದ್ದರು. "ಓ, ಕೂಸಪ್ಪ! ಬಾ ಮಾರಾಯ, ಕೂತುಕೋ. ನೋಡು ಇದನ್ನು, ಒಂದು ಪುಟದಲ್ಲಿ ಹನ್ನೆರಡು ತಪ್ಪು. ಇವರಿಗೆಲ್ಲ ಊಟ ಸೇರುದಾದರೂ ಹೇಗೆ?" ಒಳಗೆ ಅವರ ಹೆಂಡತಿ ಸುಬ್ಬಲಕ್ಷ್ಮಿ ಪಾತ್ರೆಯ ಸದ್ದನ್ನು ಒಂದು ಘಳಿಗೆ ನಿಲ್ಲಿಸಿದ್ದು ಕೂಸಪ್ಪನಿಗೆ ಕೇಳಿಸಿತು. ಅವನಿಗೆ ಗೊತ್ತಿತ್ತು, ಈ ಮನೆಯಲ್ಲಿ ಉಪ್ಪು ಕಡಿಮೆಯಾದರೂ, ಕ್ಯಾಲೆಂಡರಿನಲ್ಲಿ ಗ್ಯಾಸಿನ ತಾರೀಕು ಹಾಕಲು ಮರೆತರೂ ಭಟ್ಟರು ದನಿ ಏರಿಸುವವರಲ್ಲ, ಬರೀ ನೋಡುತ್ತಾರೆ. ಆ ನೋಟದಡಿಯಲ್ಲಿ ನಲವತ್ತು ವರ್ಷ ಸಂಸಾರ ಮಾಡಿದ ಹೆಂಗಸು ಒಂದು ಲೋಟ ಇಡುವಾಗಲೂ ಎರಡು ಸಲ ನೋಡಿ ಇಡುತ್ತಿದ್ದಳು. ಗೋಡೆಯಲ್ಲಿ ಅವರ ನಿವೃತ್ತಿಯ ದಿನ ಕರ್ನಲ್ ಕೊಟ್ಟ ಕಾಗದಕ್ಕೆ ಕಟ್ಟು ಹಾಕಿಸಿ ತೂಗುಹಾಕಿದ್ದರು: ಇವರ ಕೈಯಿಂದ ಹೋದ ದಾಖಲೆಗಳಲ್ಲಿ ಒಂದೇ ಒಂದು ತಪ್ಪು ಸಿಕ್ಕಿದ್ದಿಲ್ಲ.

ಕೂಸಪ್ಪ ಹೇಳಲು ಶುರು ಮಾಡಿದ. ಡಾಕ್ಟರು ಕೇಳಿದ್ದು, ಪುಸ್ತಕ, ನಮಿತಾ. ಬಸ್ಸಿನಲ್ಲಿ ಜೋಡಿಸಿಕೊಂಡ ಮಾತುಗಳಲ್ಲಿ ಒಂದೂ ಸರಿಯಾದ ಸಾಲಿನಲ್ಲಿ ಬರಲಿಲ್ಲ. ಕೊನೆಗೆ ಮಾತು ಬಿಟ್ಟು ಹಾಳೆಯನ್ನೇ ಕೊಟ್ಟ. ಭಟ್ಟರು ಕನ್ನಡಕ ಸರಿಮಾಡಿಕೊಂಡು, ಅಭ್ಯಾಸಬಲದಿಂದ ಕೆಂಪು ಪೆನ್ನನ್ನು ಕೈಯಲ್ಲೇ ಹಿಡಿದುಕೊಂಡು ಓದಿದರು. ಅಜಾಗರೂಕತೆ ಎಂಬ ಜಾಗಕ್ಕೆ ಬಂದಾಗ ಪೆನ್ನು ಕಾಗದದ ಮೇಲೆ ಇಳಿದು, ತಾಗುವ ಮುಂಚೆ ನಿಂತಿತು.

"ಇದು ನಾನು ಹೇಳುದಾ?" ಎಂದರು.

"ಅಂಗಡಿಯ ಹುಡುಗಿ ಹಾಕಿದ್ದು, ಭಟ್ರೇ. ಎಲ್ಲರಿಗೂ ಹಾಗೇ ಹಾಕುದಂತೆ. ನಿಮಗೆ ಬೇಡ ಅಂತ ಆದರೆ..."

"ಕೂಸಪ್ಪ, ನಾನು ಅದನ್ನು ಬಿಟ್ಟದ್ದಲ್ಲ. ತೆಗೆದದ್ದು." ಅವರ ದನಿ ಬಹಳ ಮೆತ್ತಗಿತ್ತು. "ಏಳು ಹೆಸರು ಸರಿಯಾಗಿ ಹೊಡೆದಿದ್ದೆ ನಾನು. ಆ ಹಾಳೆಯನ್ನು ಎಷ್ಟೋ ವರ್ಷ ಇಟ್ಟುಕೊಂಡಿದ್ದೆ, ಗೊತ್ತುಂಟಾ? ಯಾರಾದರೂ ಕೇಳಿದರೆ ತೋರಿಸ್ಲಿಕ್ಕೆ, ಇದು ಕೈತಪ್ಪಲ್ಲ ಅಂತ. ಯಾರೂ ಕೇಳ್ಲಿಲ್ಲ."

"ಹಾಗೇ ಬರೀರಿ ಹಾಗಾದರೆ. ಇದ್ದದ್ದು ಇದ್ದ ಹಾಗೆ."

"ಬರೆದರೆ ನಿನಗೆ ಸಿಗ್ತದಾ?"

ಇಟ್ಟಿಗೆಯ ಯಂತ್ರ ನಿಂತಿತು. ಇಷ್ಟು ಹೊತ್ತು ಆ ಸದ್ದಿನ ಹಿಂದೆ ಕೂತು ಮಾತಾಡುತ್ತಿದ್ದೆವೆಂದು ಆಗ ಗೊತ್ತಾಯಿತು. ಸಿಗುವುದಿಲ್ಲ ಎಂದು ಹೇಳಿದರೆ ಇವರು ಈ ಹಾಳೆಗೇ ಸಹಿ ಹಾಕುತ್ತಾರೆ. ಸಿಗಬಹುದು ಎಂದು ಸುಳ್ಳು ಹೇಳಿದರೆ ಇವರ ಮರ್ಯಾದೆ ಉಳಿಯುತ್ತದೆ. ಎರಡೂ ಮಾತು ನಾಲಿಗೆಯ ತುದಿಯಲ್ಲಿ ತಯಾರಿದ್ದವು. ಕೂಸಪ್ಪ ನೆಲ ನೋಡುತ್ತ, "ಸಿಗ್ಲಿಕ್ಕಿಲ್ಲ" ಎಂದ. ನಿಜ ಹೇಳಿದ್ದಕ್ಕೆ ತನ್ನ ಮೇಲೆ ತನಗೇ ಹೇಸಿಗೆಯಾಯಿತು. ಭಟ್ಟರು ಕೆಂಪು ಪೆನ್ನಿಗೆ ಟೊಪ್ಪಿ ಹಾಕಿ ಕೆಳಗಿಟ್ಟು, ಅಂಗಿಯ ಜೇಬಿನಿಂದ ನೀಲಿ ಪೆನ್ನು ತೆಗೆದರು. ಹೆಸರು, ಅದರ ಕೆಳಗೆ ತಮ್ಮ ನಂಬರು, ಅದರ ಕೆಳಗೆ ತಾರೀಕು. ಮೂರೂ ಒಂದೇ ಅಳತೆಯಲ್ಲಿ, ಅಡ್ಡಗೆರೆ ಎಳೆದಿಟ್ಟ ಹಾಗೆ ನೇರವಾಗಿ ಬಂದವು.

ಸುಬ್ಬಲಕ್ಷ್ಮಿ ಚಹಾ ತಂದದ್ದು ಆ ಹೊತ್ತಿಗೆ. ಹಳೆಯ ಮೇಷ್ಟ್ರ ಮಗಳು, ಇಂಗ್ಲಿಷು ಚೆನ್ನಾಗಿ ಓದುತ್ತಾಳೆ. ಲೋಟವನ್ನು ಎರಡು ಸಲ ನೋಡಿ ಇಡುವಾಗ ಪಕ್ಕದಲ್ಲಿದ್ದ ಹಾಳೆ ಕಣ್ಣಿಗೆ ಬಿತ್ತು. ಬಗ್ಗಿದವಳು ಬಗ್ಗಿಯೇ ಓದಿದಳು. ನೆಟ್ಟಗಾಗಿ ಗಂಡನನ್ನು ನೋಡಿದಳು. "ಇದೆಂತ, ನಿಮ್ಮ ಅಜಾಗರೂಕತೆಯಾ?" ಎಂದಳು. ಭಟ್ಟರು ಆಮಂತ್ರಣ ಪತ್ರಿಕೆಯ ಕರಡನ್ನು ಮಡಚುತ್ತಿದ್ದರು. "ಹೌದು" ಎಂದರು. "ಇವನ ಹೆಸರು ಬಿಟ್ಟುಹೋಗಿತ್ತು." ಅವಳು ಮೊದಲು ನಂಬಲಿಲ್ಲ. ಕೂಸಪ್ಪನ ಕಡೆ ತಿರುಗಿದಳು, ಅವನು ಹೌದೆನ್ನುತ್ತಾನೋ ಅಲ್ಲವೆನ್ನುತ್ತಾನೋ ನೋಡಲಿಕ್ಕೆ. ಆ ಮುಖದಲ್ಲಿ ಎಷ್ಟು ವರ್ಷದ ಉಪ್ಪು, ಎಷ್ಟು ತಾರೀಕು, ಎಷ್ಟು ಲೋಟ ಇತ್ತೆಂದು ಕೂಸಪ್ಪನಿಗೆ ಕಾಣಿಸಿತು. ಇಲ್ಲ ಅಕ್ಕ, ತಪ್ಪಿದ್ದು ಇವರಲ್ಲ, ನಾನು ಕಾಲು ಹಿಡಿದೆ, ನನ್ನ ಅಮ್ಮನಿಗೋಸ್ಕರ ಇವರು ಬೇಕೆಂದೇ ಮಾಡಿದ್ದು, ಎಂಬ ಮಾತು ಅವನ ಗಂಟಲವರೆಗೆ ಬಂತು. ಅಷ್ಟರಲ್ಲಿ ಅವಳು ನಕ್ಕಳು. ಮೊದಲು ಸೆರಗಿನ ಒಳಗೆ, ಆಮೇಲೆ ತಡೆಯಲಾಗದೆ ಗಟ್ಟಿಯಾಗಿ, ಕಣ್ಣಲ್ಲಿ ನೀರು ಬರುವಷ್ಟು. "ಪಾಪ ಇವನ ಕಾಲು! ಮೂವತ್ತೇಳು ವರ್ಷ! ಮತ್ತೆ ನನ್ನ ಸಾಸಿವೆ ಸ್ವಲ್ಪ ಕರಟಿದರೆ..." ಎಂದವಳು ಮಾತು ಮುಗಿಸಲಾರದೆ ನಿಂತಳು. ಭಟ್ಟರು ಆ ನಗೆಯನ್ನು ಬಗ್ಗಿದ ಕುತ್ತಿಗೆಯ ಮೇಲೆ ಹೊತ್ತುಕೊಂಡು ಕರಡನ್ನು ಮಡಚುತ್ತಲೇ ಇದ್ದರು. ಅದು ಇನ್ನು ಮಡಚಲಾಗದಷ್ಟು ಸಣ್ಣದಾಗಿತ್ತು.

"ಸಕ್ಕರೆ ಸಾಕಾ ನಿನಗೆ?" ಎಂದು ಸುಬ್ಬಲಕ್ಷ್ಮಿ ಕಣ್ಣು ಒರೆಸಿಕೊಳ್ಳುತ್ತ ಕೂಸಪ್ಪನನ್ನು ಕೇಳಿದಳು.

"ಸಾಕು ಅಕ್ಕ" ಎಂದ ಕೂಸಪ್ಪ.

ಭಟ್ಟರು ಗೇಟಿನವರೆಗೆ ಬಂದರು. ಅವರು ಗೇಟು ಹಾಕುವಾಗ ಕೂಸಪ್ಪ, "ಭಟ್ರೇ, ನಾನು ಒಳಗೆ ಹೋಗಿ ಅಕ್ಕನಿಗೆ ಹೇಳಿ ಬರ್ತೇನೆ" ಎಂದ. ಅನ್ನುವಾಗಲೇ ಒಂದು ಹೆಜ್ಜೆ ರಸ್ತೆಯ ಕಡೆಗೆ ಇಟ್ಟಿದ್ದ. ಭಟ್ಟರ ಕಣ್ಣು ಆ ಹೆಜ್ಜೆಯ ಮೇಲಿತ್ತು. "ಬೇಡ. ಅವಳು ಹಾಗೆ ನಕ್ಕದ್ದು ನಾನು ನೋಡಿದ ನೆನಪೇ ಇಲ್ಲ" ಎಂದರು. ಮತ್ತೆ, "ಇನ್ನು ನಾಳೆಯಿಂದ ಅವಳಿಗೆ ನಾನು ಎಂತದೂ ಹೇಳುವ ಹಾಗಿಲ್ಲ ಅಲ್ಲವಾ" ಎಂದು, ಉತ್ತರಕ್ಕೆ ಕಾಯದೆ ಚಿಲಕ ಸಿಕ್ಕಿಸಿದರು.

ಬಸ್ಸಿಗಾಗಿ ನಿಂತಲ್ಲಿ ನೆರಳಿರಲಿಲ್ಲ. ಕೂಸಪ್ಪ ಚೀಲವನ್ನು ಎದೆಗೆ ಅವುಚಿಕೊಂಡು ನಿಂತ. ಅಳು ಬರಬೇಕಿತ್ತು. ಇಂಥ ಕೆಲಸ ಮಾಡಿ ಬಂದ ಮನುಷ್ಯನಿಗೆ ಸಂಕಟವಾಗಬೇಕು, ಊಟ ಸೇರಬಾರದು. ಅವನು ಕಣ್ಣು ಮುಚ್ಚಿ ಆ ಸಂಕಟಕ್ಕಾಗಿ ತನ್ನೊಳಗೆ ಪ್ರಾಮಾಣಿಕವಾಗಿಯೇ ಹುಡುಕಿದ, ಅಮ್ಮನ ಮುಖ ತಂದುಕೊಂಡ, ಭಟ್ಟರ ಬಗ್ಗಿದ ಕುತ್ತಿಗೆಯನ್ನು ಮತ್ತೆ ಮತ್ತೆ ತಂದುಕೊಂಡ. ಎಲ್ಲಿ ಹುಡುಕಿದರೂ ಸಿಕ್ಕಿದ್ದು ಒಂದೇ, ಮದುವೆಯ ಹಿಂದಿನ ದಿನದಂಥ ಸಂತೋಷ. ಸಹಿ ಸಿಕ್ಕಿತ್ತು. ಪದಕ ಬಂದ ಹಾಗೆ. ಇಲ್ಲ ಎಂದಿದ್ದ ಜಾಗದಲ್ಲಿ ಇನ್ನು ಉಂಟು ಎಂದಾಗುತ್ತದೆ. ಅವನು ತನಗೇ ಹೆದರಿ ಕಣ್ಣು ತೆರೆದ. ಸಂತೋಷ ಹಾಗೆಯೇ ಇತ್ತು, ಬಸ್ಸು ಬಂದು ನಿಂತಾಗಲೂ ಕಡಿಮೆಯಾಗಿರಲಿಲ್ಲ. ಅವನು ಹತ್ತಿ ಕೂತು, ನಮಿತಾಳ ಅಂಗಡಿ ಇರುವ ವಿದ್ಯಾನಗರಕ್ಕೆ ಒಂದು ಟಿಕೆಟು ಕೇಳಿದ.